ಯಂತ್ರ ಬಲ್ಲವನಿಗೆ ಬಾಜಾರು ಬಲ್ಲ ಜೊತೆಗಾರ

ಸೇಡಂ ತಾಲ್ಲೂಕಿನ ಕೋಡ್ಲಾ ಸುತ್ತಮುತ್ತ ಸುಣ್ಣಕಲ್ಲಿನ ನೆಲವನ್ನು ನಂಬಿ ಎರಡು ಬಗೆಯ ಬದುಕು ನಡೆದಿದೆ. ಒಂದು ಸಿಮೆಂಟು: ಕೋಡ್ಲಾದಲ್ಲಿ ಶ್ರೀ ಸಿಮೆಂಟ್, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ವಾಡಿಯಲ್ಲಿ ಎಸಿಸಿ. ಇನ್ನೊಂದು ತೊಗರಿ. ಇಲ್ಲಿನ ಮಣ್ಣಿನ ಸುಣ್ಣದ ಅಂಶವೇ ರುಚಿ ಕೊಟ್ಟಿದೆ ಎನ್ನಲಾಗುವ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಈ ಭಾಗದ ಹುಡುಗಿಯೊಬ್ಬಳು ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ತೊಗರಿಯ ತೇವಾಂಶ ಅಳೆಯುವ ಅಗ್ಗದ ಯಂತ್ರ ಮಾಡಿದಳು ಎನ್ನೋಣ. ಯಂತ್ರ ಸರಿಯಾಗಿಯೇ ಓಡುತ್ತದೆ. ಆದರೆ ಅದಕ್ಕೆ ದುಡ್ಡು ಕೊಡುವವರು ಯಾರು? ರೈತನೋ, ಅಡತಿ ಅಂಗಡಿಯವನೋ, ದಾಲ್ ಮಿಲ್ ಮಾಲೀಕನೋ? ಇದಕ್ಕೆ ಉತ್ತರ ಲ್ಯಾಪ್‌ಟಾಪಿನಲ್ಲಿ ಸಿಗುವುದಿಲ್ಲ. ತಂತ್ರಜ್ಞಾನದ ಆಚೆಯ ಸಹಸಂಸ್ಥಾಪಕ ಬೇಕಾಗುವುದು ಇಲ್ಲಿ.

ಕರ್ನಾಟಕದಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಖರಗಪುರ ಐಐಟಿಯಲ್ಲಿ ಓದಿ, ಅಮೆರಿಕದ ಲೊವೆಲ್‌ನಲ್ಲಿ ಸೌರಶಕ್ತಿಯ ಮೇಲೆ ಸಂಶೋಧನೆ ನಡೆಸಿದ ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರುಮಾಡಿದರು. ಜೊತೆಗಿದ್ದ ನೆವಿಲ್ ವಿಲಿಯಮ್ಸ್ ಎಂಜಿನಿಯರ್ ಅಲ್ಲ, ಪತ್ರಕರ್ತರಾಗಿದ್ದವರು. ಬಡ ದೇಶಗಳ ಹಳ್ಳಿಗಳಿಗೆ ಸೋಲಾರ್ ದೀಪ ಮುಟ್ಟಿಸಲು 1990ರಲ್ಲೇ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ಕಟ್ಟಿ, ಹಣ ಹೊಂದಿಸುವ, ಜನರನ್ನು ಒಪ್ಪಿಸುವ ಕೆಲಸದಲ್ಲಿ ಪಳಗಿದ್ದರು. ಇಬ್ಬರ ವಿದ್ಯೆ ಬೇರೆ, ಹಂಬಲ ಒಂದೇ.

ಹಂದೆ ಸ್ವತಃ ಮನೆಮನೆಗೆ ಹೋಗಿ ದೀಪ ಜೋಡಿಸಿದವರು. ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕೊಡಬಲ್ಲೆ ಎಂದು ಬೀದಿಬದಿ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಅವರು ಹಲವು ಕಡೆ ನೆನೆದಿದ್ದಾರೆ. ಲೆಕ್ಕದಲ್ಲಿ ಎರಡೂ ಒಂದೇ. ದಿನದ ಗಳಿಕೆಯಲ್ಲಿ ಬದುಕುವವರಿಗೆ ಒಂದೇ ಅಲ್ಲ. ಸೆಲ್ಕೋ ಬೆಳೆದದ್ದು ಪ್ಯಾನೆಲ್‌ನ ಬಲದಿಂದಷ್ಟೇ ಅಲ್ಲ. ಗಿರಾಕಿಯ ಕೈಯಲ್ಲಿ ದುಡ್ಡು ಓಡಾಡುವ ರೀತಿಗೆ ಕಂತು ಹೊಂದಿಸಿ, ಬ್ಯಾಂಕುಗಳನ್ನು ಸಾಲಕ್ಕೆ ಒಪ್ಪಿಸಿದ್ದರಿಂದ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗಾದರೆ ಸೇಡಂ, ಚಿಂಚೋಳಿಯ ಕಡೆ ಅಂಥ ಜೊತೆಗಾರರು ಎಲ್ಲಿದ್ದಾರೆ? ಎಂಬಿಎ ಮಾಡಿದವರ ಪಟ್ಟಿಯಲ್ಲಿ ಹುಡುಕುವ ಮೊದಲು ಎಪಿಎಂಸಿಗೆ ಹೋಗುವುದು ವಾಸಿ. ಅಲ್ಲಿ ಖರೀದಿದಾರ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆಯುತ್ತಾನೆ, ಅಂಗೈಯಲ್ಲಿ ಹರಡುತ್ತಾನೆ, ಒಂದನ್ನು ಹಲ್ಲಲ್ಲಿ ಕಡಿದು ರೇಟು ಹೇಳುತ್ತಾನೆ. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ಶೇ 12 ಮೀರುವಂತಿಲ್ಲ. ಅಳತೆಯ ಜಗಳ ಹುಟ್ಟುವುದೇ ಅಲ್ಲಿ. ಆ ಜಗಳವನ್ನು ವರ್ಷಗಟ್ಟಲೆ ಬಿಡಿಸಿದ ಗುಮಾಸ್ತ, ರೈತ ಉತ್ಪಾದಕರ ಕಂಪನಿಯ ಲೆಕ್ಕ ನೋಡುವ ಹೆಣ್ಣುಮಗಳು, ಶಹಾಬಾದಿನ ಫರಸಿ ಕಲ್ಲನ್ನು ಊರೂರಿಗೆ ಮಾರಿದ ವ್ಯಾಪಾರಿ: ಇವರಿಗೆ ಯಾರು ಉದ್ರಿ ಕೇಳುತ್ತಾರೆ, ಯಾರು ತೀರಿಸುತ್ತಾರೆ ಎಂಬುದು ಬಾಯಿಪಾಠ. ಅವರನ್ನು ಸಂಬಳಕ್ಕಿಟ್ಟುಕೊಳ್ಳುವುದಲ್ಲ, ಪಾಲು ಕೊಟ್ಟು ಕೂರಿಸಿಕೊಳ್ಳಬೇಕು.

ಆದರೆ ಪಾಲನ್ನು ಮೊದಲ ದಿನವೇ ಬರೆದುಕೊಡುವುದು ಅಪಾಯ. ಸ್ಟಾರ್ಟಪ್‌ಗಳ ವಾಡಿಕೆಯಲ್ಲಿ ಷೇರು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುತ್ತದೆ. ಮೊದಲ ವರ್ಷ ತುಂಬುವ ಮುನ್ನ ಬಿಟ್ಟುಹೋದರೆ ಏನೂ ಸಿಗುವುದಿಲ್ಲ. ನೆಂಟರೇ ಆದರೂ ಇದು ಕಾಗದದ ಮೇಲಿರಬೇಕು. ಅದಕ್ಕೂ ಮುಂಚೆ ಒಂದು ಸುಗ್ಗಿ, ಅಂದರೆ ತೊಗರಿ ಪೇಟೆಗೆ ಬರುವ ಡಿಸೆಂಬರ್, ಜನವರಿಯಲ್ಲಿ, ಇಬ್ಬರೂ ಸೇರಿ ಹತ್ತು ಅಂಗಡಿಗೆ ಯಂತ್ರ ಕೊಟ್ಟು ನೋಡಲಿ. ಹಣ ಕೇಳುವ ಮಾತು ಯಾರ ಬಾಯಿಂದ ಸಲೀಸಾಗಿ ಬರುತ್ತದೆ, ಯಂತ್ರ ಕೈಕೊಟ್ಟ ದಿನ ಅಡತಿಯವನ ಬೈಗುಳ ಕೇಳಿಯೂ ಮರುದಿನ ಅದೇ ಅಂಗಡಿಗೆ ಯಾರು ಹೋಗುತ್ತಾರೆ ಎಂಬುದು ಆ ಎರಡು ತಿಂಗಳಲ್ಲೇ ಗೊತ್ತಾಗುತ್ತದೆ.