ಅರ್ಜೆಂಟೀನಾದಲ್ಲಿ ಕಾಡುಬಾತು ಬೇಟೆ ಪ್ರವಾಸ

ಅರ್ಜೆಂಟೀನಾದಲ್ಲಿ ಕಾಡುಬಾತು ಬೇಟೆ ಪ್ರವಾಸವು ವಿದೇಶಿ ಹವ್ಯಾಸಿ ಬೇಟೆಗಾರರು ಹಣ ತೆತ್ತು, ಸ್ಥಳೀಯ ಮಾರ್ಗದರ್ಶಿಗಳ ನೆರವಿನಿಂದ, ಆ ದೇಶದ ಜೌಗುಭೂಮಿಗಳಲ್ಲಿ ಕಾಡುಬಾತುಗಳನ್ನು ಬೇಟೆಯಾಡುವ ವಾಣಿಜ್ಯ ಪ್ರವಾಸೋದ್ಯಮವಾಗಿದೆ. ಇದು ಮುಖ್ಯವಾಗಿ ಬ್ಯೂನಸ್ ಐರಿಸ್, ಸಾಂತಾ ಫೆ, ಎಂಟ್ರೆ ರಿಯೋಸ್ ಮತ್ತು ಕೊರಿಯೆಂಟೆಸ್ ಪ್ರಾಂತ್ಯಗಳಲ್ಲಿ ನಡೆಯುತ್ತದೆ. ಪ್ರವಾಸಿಗರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದವರು ಪ್ರಮುಖರು. ಗ್ರಾಮೀಣ ಪ್ರದೇಶಕ್ಕೆ ಆದಾಯ ತರುವ ಈ ಉದ್ಯಮವು ತಾನು ಆಶ್ರಯಿಸಿರುವ ಜೌಗುಭೂಮಿಯಲ್ಲಿಯೇ ಸೀಸದ ವಿಷವನ್ನು ಉಳಿಸಿ ಹೋಗುತ್ತದೆ ಎಂಬ ಕಾರಣಕ್ಕೆ ಚರ್ಚೆಗೆ ಒಳಗಾಗಿದೆ.

ಹಿನ್ನೆಲೆ

ಈ ಪ್ರವಾಸಗಳಿಗೆ ಎರಡು ಮುಖ್ಯ ಕಾರಣಗಳಿವೆ. ಮೊದಲನೆಯದು ಋತುಮಾನ. ಉತ್ತರ ಅಮೆರಿಕದಲ್ಲಿ ಬಾತು ಬೇಟೆಯು ಶರತ್ಕಾಲ ಮತ್ತು ಚಳಿಗಾಲಕ್ಕೆ ಸೀಮಿತವಾಗಿದೆ. ದಕ್ಷಿಣ ಗೋಳಾರ್ಧದಲ್ಲಿ ಋತುಗಳು ತಿರುವುಮುರುವಾಗಿರುವುದರಿಂದ ಅರ್ಜೆಂಟೀನಾದ ಬೇಟೆಯ ಕಾಲವು ಸುಮಾರಾಗಿ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಬರುತ್ತದೆ. ಎರಡನೆಯದು ಮಿತಿಯ ವ್ಯತ್ಯಾಸ. ಅಮೆರಿಕದ ಬಹುತೇಕ ಭಾಗಗಳಲ್ಲಿ ಒಬ್ಬ ಬೇಟೆಗಾರ ದಿನಕ್ಕೆ 6 ಅಥವಾ 7 ಬಾತುಗಳನ್ನು ಮಾತ್ರ ಹೊಡೆಯಬಹುದು. ಅರ್ಜೆಂಟೀನಾದಲ್ಲಿ ಮಿತಿಯನ್ನು ಆಯಾ ಪ್ರಾಂತ್ಯವು ನಿಗದಿಪಡಿಸುತ್ತದೆ; ಅದು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಾಗಿರುತ್ತದೆ.

ಬೇಟೆಯ ಪ್ರದೇಶ ಮತ್ತು ಪ್ರಭೇದಗಳು

ಪರಾನಾ ನದಿಯ ನೆರೆಬಯಲು, ಪಂಪಾ ಹುಲ್ಲುಗಾವಲಿನ ಆಳವಿಲ್ಲದ ಕೆರೆಗಳು ಹಾಗೂ ಭತ್ತದ ಗದ್ದೆಗಳು ಬಾತುಗಳ ನೆಲೆಗಳಾಗಿವೆ. ಸಾಂತಾ ಫೆ ಪ್ರಾಂತ್ಯದ ಹೌಕಾನಿಗಾಸ್ ಜೌಗುಭೂಮಿಯು 2001ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸರ್ ತಾಣವೆಂದು ಘೋಷಿತವಾಯಿತು.

ಬೇಟೆಗೆ ಗುರಿಯಾಗುವವುಗಳಲ್ಲಿ ಗುಲಾಬಿ ಕೊಕ್ಕಿನ ಬಾತು ಪ್ರಸಿದ್ಧವಾದುದು. ಇದರ ಗಂಡಿಗೆ ಕಪ್ಪು ಮೈ ಮತ್ತು ಬುಡದಲ್ಲಿ ಗುಬುಟುಳ್ಳ ಕೆಂಪು ಕೊಕ್ಕು ಇರುತ್ತದೆ. ಸ್ಥಳೀಯರು ಇದನ್ನು ‘ಪಾತೊ ಪಿಕಾಸೊ’ ಎನ್ನುತ್ತಾರೆ. ಬಿಳಿಮೊಗದ ಶಿಳ್ಳೆಬಾತು, ಕಂದು ಶಿಳ್ಳೆಬಾತು, ಹಳದಿ ಕೊಕ್ಕಿನ ಸೂಜಿಬಾಲದ ಬಾತು ಮತ್ತು ಬ್ರೆಜಿಲ್ ಬಾತು ಇತರ ಪ್ರಭೇದಗಳು. ಇವುಗಳಲ್ಲಿ ಕಂದು ಶಿಳ್ಳೆಬಾತು ಭಾರತದಲ್ಲಿಯೂ ಕಂಡುಬರುತ್ತದೆ. ಭತ್ತ ಬೆಳೆಯುವ ರೈತರು ಬಾತುಗಳನ್ನು ಬೆಳೆನಾಶಕಗಳೆಂದು ಪರಿಗಣಿಸುವುದರಿಂದ ಬೇಟೆಗೆ ಅವರ ಸಮ್ಮತಿ ಸುಲಭವಾಗಿ ದೊರೆಯುತ್ತದೆ.

ಪ್ರವಾಸದ ಕ್ರಮ

ಪ್ರವಾಸಿಗರು ಹಳ್ಳಿಗಾಡಿನ ಅತಿಥಿಗೃಹಗಳಲ್ಲಿ ತಂಗುತ್ತಾರೆ. ವಾಸ್ತವ್ಯ, ಊಟ, ಸಾರಿಗೆ ಮತ್ತು ಮಾರ್ಗದರ್ಶಿಯ ಸೇವೆಗೆ ಒಟ್ಟಾಗಿ ದರ ನಿಗದಿಯಾಗಿರುತ್ತದೆ. ತೋಟಾಗಳ ಬೆಲೆಯನ್ನು ಹಲವೆಡೆ ಪ್ರತ್ಯೇಕವಾಗಿ ಪಡೆಯಲಾಗುತ್ತದೆ. ಬೆಳಕು ಹರಿಯುವ ಮೊದಲೇ ಮಾರ್ಗದರ್ಶಿಯು ಅತಿಥಿಯನ್ನು ಜೊಂಡಿನಿಂದ ಕಟ್ಟಿದ ಮರೆಗೆ ಕರೆದೊಯ್ದು, ನೀರಿನ ಮೇಲೆ ದೀಮದ ಬಾತುಬೊಂಬೆಗಳನ್ನು ತೇಲಿಬಿಡುತ್ತಾನೆ. ಬಾತಿನ ಕೂಗನ್ನು ಅನುಕರಿಸಿ ಹಿಂಡನ್ನು ಕರೆಯುವುದು, ಹಾರುವ ಹಕ್ಕಿಯ ಪ್ರಭೇದವನ್ನು ಗುರುತಿಸಿ ಹೇಳುವುದು, ಬಿದ್ದ ಹಕ್ಕಿಗಳನ್ನು ಹುಡುಕಿ ತಂದು ಎಣಿಸುವುದು ಆತನ ಕೆಲಸ. ಪ್ರವಾಸಿಗನಿಗೆ ಅಲ್ಲಿಯ ಹಕ್ಕಿಗಳ ಪರಿಚಯ ಸಾಮಾನ್ಯವಾಗಿ ಇರದು. ಆದುದರಿಂದ ಸಂರಕ್ಷಿತ ಪ್ರಭೇದವೊಂದು ಉಳಿಯುವುದೂ ಸಾಯುವುದೂ ಬಹುಮಟ್ಟಿಗೆ ಮಾರ್ಗದರ್ಶಿಯ ತಿಳಿವಳಿಕೆಯನ್ನು ಅವಲಂಬಿಸಿದೆ.

ಕಾನೂನು

1981ರ 22.421ನೇ ಸಂಖ್ಯೆಯ ಕಾಯಿದೆಯು ಅರ್ಜೆಂಟೀನಾದ ವನ್ಯಪ್ರಾಣಿ ಸಂರಕ್ಷಣೆಯ ರಾಷ್ಟ್ರೀಯ ಕಾನೂನಾಗಿದೆ. 1994ರಲ್ಲಿ ತಿದ್ದುಪಡಿಯಾದ ಸಂವಿಧಾನದ 124ನೇ ವಿಧಿಯು ನೈಸರ್ಗಿಕ ಸಂಪತ್ತಿನ ಮೂಲ ಒಡೆತನವನ್ನು ಪ್ರಾಂತ್ಯಗಳಿಗೆ ನೀಡುತ್ತದೆ. ಹೀಗಾಗಿ ಬೇಟೆಯ ಪರವಾನಗಿ, ಅವಧಿ ಮತ್ತು ಮಿತಿಗಳು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆಯಾಗಿವೆ. ವಿದೇಶಿಯರು ಸ್ವಂತ ಬಂದೂಕನ್ನು ತರಬೇಕಾದರೆ ತಾತ್ಕಾಲಿಕ ಅನುಮತಿ ಪಡೆಯಬೇಕು. ಅನೇಕರು ಅತಿಥಿಗೃಹದ ಬಂದೂಕನ್ನೇ ಬಾಡಿಗೆಗೆ ಪಡೆಯುತ್ತಾರೆ. ಪಟಗೋನಿಯಾದಿಂದ ಬ್ಯೂನಸ್ ಐರಿಸ್ ಪ್ರಾಂತ್ಯಕ್ಕೆ ಚಳಿಗಾಲದಲ್ಲಿ ವಲಸೆ ಬರುವ ‘ಕೌಕೆನ್’ ಎಂಬ ಹೆಬ್ಬಾತುಗಳನ್ನು ಹಿಂದೆ ಕೃಷಿಕಂಟಕಗಳೆಂದು ಎಣಿಸಿ ಕೊಲ್ಲಲಾಗುತ್ತಿತ್ತು. ಅವುಗಳಲ್ಲಿ ಕೆಂದಲೆಯ ಕೌಕೆನ್ ಮುಖ್ಯಭೂಮಿಯಲ್ಲಿ ಅಳಿವಿನಂಚಿಗೆ ಬಂದಿದ್ದು, ಈಗ ಈ ಹಕ್ಕಿಗಳ ಬೇಟೆ ನಿಷಿದ್ಧವಾಗಿದೆ.

ಸೀಸದ ಸಮಸ್ಯೆ

ಬಾತು ಬೇಟೆಯ ಒಂದೊಂದು ತೋಟಾದಲ್ಲಿ ನೂರಕ್ಕೂ ಹೆಚ್ಚು ಸಣ್ಣ ಚರೆಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಹಕ್ಕಿಗೆ ತಾಗದೆ ಕೆಸರಿಗೆ ಬೀಳುತ್ತವೆ. ಬಾತುಗಳು ತಿಂದ ಕಾಳನ್ನು ಅರೆಯಲು ಸಣ್ಣ ಹರಳುಗಳನ್ನು ನುಂಗುತ್ತವೆ. ಹರಳೆಂದೋ ಬೀಜವೆಂದೋ ನುಂಗಿದ ಸೀಸದ ಚರೆಯು ಜಠರದಲ್ಲಿ ಸವೆದು ಕರಗಿ ರಕ್ತವನ್ನು ಸೇರುತ್ತದೆ. ಹಕ್ಕಿಯು ಸೊರಗಿ, ರೆಕ್ಕೆಯ ಬಲ ಕಳೆದುಕೊಂಡು ಸಾಯಬಹುದು. ಹೀಗೆ ಗುಂಡು ತಪ್ಪಿಸಿಕೊಂಡ ಬಾತು ಕೂಡ ಬೇಟೆಯ ಕಾಲ ಮುಗಿದ ಮೇಲೆ ಅದೇ ಗುಂಡಿಗೆ ಬಲಿಯಾಗುತ್ತದೆ. ಸಾಂತಾ ಫೆ ಪ್ರಾಂತ್ಯದಲ್ಲಿ ನಡೆದ ಅಧ್ಯಯನಗಳು ಕಾಡುಬಾತುಗಳ ಜಠರದಲ್ಲಿ ಸೀಸದ ಚರೆಗಳನ್ನು ಪತ್ತೆಹಚ್ಚಿವೆ.

ಅಮೆರಿಕವು ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಿಂದ ದೇಶಾದ್ಯಂತ ನಿಷೇಧಿಸಿದೆ. ಯುರೋಪಿಯನ್ ಒಕ್ಕೂಟದ ಜೌಗುಭೂಮಿಗಳಲ್ಲಿ ಈ ನಿಷೇಧ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಇದಕ್ಕೆ ಉಕ್ಕಿನ ಚರೆಯು ಪರ್ಯಾಯವಾಗಿದೆ. ಅದು ಸೀಸಕ್ಕಿಂತ ಹಗುರವಾದುದರಿಂದ ದಪ್ಪ ಚರೆಯನ್ನು ಬಳಸಿ ಸಮೀಪದಿಂದ ಹೊಡೆಯಬೇಕಾಗುತ್ತದೆ. ಸ್ವದೇಶದಲ್ಲಿ ಉಕ್ಕಿನ ಚರೆಯನ್ನೇ ಬಳಸಬೇಕಾದ ಬೇಟೆಗಾರನು ಕಡ್ಡಾಯವಿಲ್ಲದ ಕಡೆ ಸೀಸವನ್ನು ಬಳಸುವುದು ಟೀಕೆಗೆ ಗುರಿಯಾಗಿದೆ.

ಪರ ಮತ್ತು ವಿರೋಧ

ಬೇಟೆಯಿಂದ ಬರುವ ಆದಾಯವು ಜೌಗು ನೆಲವನ್ನು ಬಸಿದು ಹೊಲವಾಗಿಸದಂತೆ ಭೂಮಾಲೀಕರನ್ನು ತಡೆಯುತ್ತದೆ, ಹಳ್ಳಿಯವರಿಗೆ ಉದ್ಯೋಗ ಒದಗಿಸುತ್ತದೆ ಎಂಬುದು ಬೆಂಬಲಿಗರ ವಾದ. ಎಣಿಕೆಯಿಲ್ಲದೆ ಮಿತಿ ನಿಗದಿಪಡಿಸುವುದು ಸಲ್ಲದೆಂಬುದು ವಿರೋಧಿಗಳ ನಿಲುವು. ಉತ್ತರ ಅಮೆರಿಕದಲ್ಲಿ 1955ರಿಂದ ಬಾತುಗಳ ವ್ಯಾಪಕ ವೈಮಾನಿಕ ಗಣತಿ ನಡೆಯುತ್ತಿದ್ದು, ಮಿತಿಗಳನ್ನು ಅದರ ಆಧಾರದಿಂದ ನಿರ್ಧರಿಸಲಾಗುತ್ತದೆ. ದಕ್ಷಿಣ ಅಮೆರಿಕದಲ್ಲಿ 1990ರಲ್ಲಿ ಆರಂಭವಾದ ನೀರುಹಕ್ಕಿ ಗಣತಿಯು ಬಹುಪಾಲು ಸ್ವಯಂಸೇವಕರ ಶ್ರಮದಿಂದ ನಡೆಯುತ್ತಿದೆ.