ಲೆವೆಲ್ ಏರಿತು, ಆಮೇಲೆ?

"ಅಣ್ಣಾ, ಅವಳನ್ನ ಕೊಂದೇಬಿಟ್ಯಾ?"

ತಮ್ಮ ಕೇಳಿದ ದನಿ ಹೇಗಿತ್ತೆಂದರೆ, ಪಕ್ಕದ ಮನೆಯವರಿಗೆ ನಾನು ಏನೋ ಮಾಡಿಬಿಟ್ಟಿದ್ದೇನೆ ಅನ್ನಬೇಕು. ನಾನು ಮಾಡಿದ್ದಿಷ್ಟೇ. ಲ್ಯಾಪ್‌ಟಾಪ್‌ನಲ್ಲಿ ‘ಅಂಡರ್‌ಟೇಲ್’ ಅನ್ನೋ ಗೇಮ್ ಆಡುತ್ತಿದ್ದೆ. ಟೋರಿಯಲ್ ಎಂಬ ಮೇಕೆ ಮುಖದ, ತಾಯಿಯಂಥ ಪಾತ್ರವೊಂದು ದಾರಿಗೆ ಅಡ್ಡ ನಿಂತಿತು. ಅಲ್ಲಿಯವರೆಗೆ ನನ್ನ ಕೈ ಹಿಡಿದು ನಡೆಸಿದವಳು, ನನಗಾಗಿ ಪೈ ಮಾಡಿಟ್ಟವಳು ಅವಳೇ. ಹೊರಗೆ ಹೋದರೆ ನನ್ನ ಜೀವಕ್ಕೆ ಅಪಾಯ ಅಂತ ಅಡ್ಡ ನಿಂತಿದ್ದಳು. ಬಾಸ್ ಫೈಟ್ ಇರಬೇಕು ಅಂದುಕೊಂಡೆ. ಹೊಡೆದೆ. ಸತ್ತಳು.

"ಗೇಮ್ ಅಲ್ವೇನೋ, ಹೊಡೀದೆ ಮುಂದೆ ಹೋಗೋದು ಹೇಗೆ?" ಅಂದೆ.

"ಹೊಡೀಲೇಬೇಕು ಅಂತ ನಿಂಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಕೈಗೆ ಅಭ್ಯಾಸವಾಗಿತ್ತು, ಅಷ್ಟೇ.

ಒಬ್ಬರೋ ಇಬ್ಬರೋ ಕೂತು ಮಾಡಿದ, ನೋಡಲು ಹಳೇ ಕಾಲದವಂತೆ ಕಾಣುವ ಇಂಡೀ ರೋಲ್-ಪ್ಲೇಯಿಂಗ್ ಗೇಮ್‌ಗಳ ಹುಚ್ಚು ನನಗೆ ಹತ್ತಿದ್ದು ಅವತ್ತಿನಿಂದ. "ಇಷ್ಟು ಒಳ್ಳೆ ಲ್ಯಾಪ್‌ಟಾಪ್ ಇಟ್ಕೊಂಡು ಈ ಚುಕ್ಕಿ ಚುಕ್ಕಿ ಗೇಮ್ ಆಡ್ತೀಯಲ್ಲ" ಅಂತ ಸಹೋದ್ಯೋಗಿಗಳು ನಗುತ್ತಾರೆ. ಅವರಿಗೆ ನನ್ನ ಉತ್ತರ ಈ ಲೇಖನ. ಮೂರು ಗೇಮ್‌ಗಳ ಕಥೆಯ ಕೆಲವು ಗುಟ್ಟುಗಳು ಮುಂದೆ ಬರುತ್ತವೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಮೀಸೆ ಬಂದ ಕಥೆ

ಮೊದಲು ಆ ಚುಕ್ಕಿಗಳ ವಿಷಯ. ನಮ್ಮ ಮನೆಯ ಟಿ.ವಿ.ಗೆ ಸಿಕ್ಕಿಸುತ್ತಿದ್ದ ವಿಡಿಯೋ ಗೇಮ್ ನೆನಪಿದೆಯಾ? ಕ್ಯಾಸೆಟ್ ಊದಿ ಹಾಕಿ, ಮಾರಿಯೋ ಬಂದರೆ ಅದೃಷ್ಟ ಅನ್ನುತ್ತಿದ್ದ ಕಾಲ. ಆ ಮಾರಿಯೋಗೆ ಮೀಸೆ ಯಾಕಿದೆ ಗೊತ್ತಾ? 1981ರ ‘ಡಾಂಕಿ ಕಾಂಗ್’ ಗೇಮ್‌ಗೆ ಅವನನ್ನು ಬರೆದಾಗ ಶಿಗೆರು ಮಿಯಾಮೊಟೊ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬರೆಯುವುದು ಕಷ್ಟ, ಅದಕ್ಕೇ ಮೀಸೆ. ಕೂದಲು ಬರೆಯುವುದು ಇನ್ನೂ ಕಷ್ಟ, ಅದಕ್ಕೇ ಟೋಪಿ. ಕೊರತೆಯೇ ಅವನ ಮುಖವಾಯಿತು.

ಅಜ್ಜಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕವಡೆ ಹಾಕಿ ಚೌಕಾಬಾರ ಆಡಿಸುತ್ತಿದ್ದಾಗ ನೆಲದ ಮೇಲೆ ಇದ್ದದ್ದು ಬರೀ ಗೆರೆ. ಆದರೂ ಕಾಯಿ ಹೊಡೆಸಿಕೊಂಡಾಗ ಹೊಟ್ಟೆ ಉರಿಯುತ್ತಿತ್ತಲ್ಲ! ಕಮ್ಮಿ ತೋರಿಸಿದಷ್ಟೂ ಉಳಿದದ್ದನ್ನು ನಮ್ಮ ತಲೆ ತುಂಬಿಕೊಳ್ಳುತ್ತದೆ. ಟೋರಿಯಲ್‌ಳ ಮುಖದಲ್ಲಿ ಇರುವುದು ಒಂದಷ್ಟು ಬಿಳಿ ಚುಕ್ಕಿಗಳು ಮಾತ್ರ. ನಾನು ಅಲ್ಲಿ ನೋಡಿದ್ದು ನಮ್ಮ ದೊಡ್ಡಮ್ಮನ ಮುಖ.

ಲೆವೆಲ್ ಎಂಬ ಚಟ

ಈ ಬಗೆಯ ಗೇಮ್‌ಗಳ ಬೇರು ಇರುವುದು ಕಾಗದ ಮತ್ತು ದಾಳದಲ್ಲಿ. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಆಟಗಾರರಿಗೆ ಅನುಭವದ ಅಂಕ ಕೊಟ್ಟು, ಅದರಿಂದ ಲೆವೆಲ್ ಏರಿಸುವ ಕ್ರಮ ತಂದಿತು. ಅದನ್ನು ಜಪಾನಿನ ಮನೆಮನೆಯ ಟಿ.ವಿ.ಗೆ ಮುಟ್ಟಿಸಿದ್ದು 1986ರ ‘ಡ್ರ್ಯಾಗನ್ ಕ್ವೆಸ್ಟ್’. ಆ ಇಡೀ ಗೇಮ್ ಇದ್ದದ್ದು 64 ಕಿಲೋಬೈಟ್‌ನಲ್ಲಿ. ಇವತ್ತು ವಾಟ್ಸ್ಆ್ಯಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋ ಕೂಡ ಅದಕ್ಕಿಂತ ದೊಡ್ಡದಿರುತ್ತದೆ.

ಜಾಗ ಅಷ್ಟು ಕಮ್ಮಿಯಿದ್ದರೆ ಗೇಮ್ ದಿನಗಟ್ಟಲೆ ಓಡುವುದು ಹೇಗೆ? ಅದೇ ಬಯಲಲ್ಲಿ ಅದೇ ಸಣ್ಣಪುಟ್ಟ ರಾಕ್ಷಸರನ್ನು ಮತ್ತೆ ಮತ್ತೆ ಹೊಡಿ, ಅಂಕ ಸೇರಿಸು, ಲೆವೆಲ್ ಏರು, ಆಮೇಲೆ ದೊಡ್ಡವನ ಹತ್ತಿರ ಹೋಗು. ಆಟಗಾರರ ಭಾಷೆಯಲ್ಲಿ ಇದು ‘ಗ್ರೈಂಡಿಂಗ್’. ನಮ್ಮ ಗ್ರೈಂಡರ್‌ನಲ್ಲಾದರೆ ಕೊನೆಗೆ ದೋಸೆ ಹಿಟ್ಟಾದರೂ ಸಿಗುತ್ತೆ.

ನಗಬೇಡಿ, ನಮ್ಮ ಕೆಲಸವೂ ಹೆಚ್ಚುಕಮ್ಮಿ ಇದೇ ತಾನೇ? ಟಿಕೆಟ್ ಮುಗಿಸು, ರೇಟಿಂಗ್ ತಗೋ, ಮುಂದಿನ ಗ್ರೇಡ್‌ಗೆ ಹೋಗು. ಏರಿದ ಮೇಲೆ ಏನು ಅಂತ ಕೇಳುವಷ್ಟರಲ್ಲಿ ಮುಂದಿನ ಅಪ್ರೈಸಲ್ ಬಂದಿರುತ್ತೆ. ನನಗೆ ಇಷ್ಟವಾದ ಇಂಡೀ ಗೇಮ್‌ಗಳು ಹಳೇ ವೇಷ ಹಾಕಿಕೊಂಡು ಬಂದು ಈ ಪ್ರಶ್ನೆಯನ್ನೇ ಕೇಳುತ್ತವೆ.

ಕರುಣೆಯ ಬಟನ್

‘ಅಂಡರ್‌ಟೇಲ್’ ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಟೋಬಿ ಫಾಕ್ಸ್ ಕಥೆ, ಪ್ರೋಗ್ರಾಮಿಂಗ್, ಸಂಗೀತ ಎಲ್ಲವನ್ನೂ ಹೆಚ್ಚುಕಮ್ಮಿ ಒಬ್ಬರೇ ಮಾಡಿದರು. ಚಿತ್ರಗಳಿಗೆ ಟೆಮ್ಮಿ ಚಾಂಗ್ ಜೊತೆಯಾದರು. 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಅವರು ಕೇಳಿದ್ದು 5,000 ಡಾಲರ್, ಜನ ಕೊಟ್ಟಿದ್ದು 51,000ಕ್ಕೂ ಹೆಚ್ಚು.

ಇದರಲ್ಲಿ ಹೊಡೆದಾಟದ ಹೊತ್ತಿಗೆ ಹೊಡಿ ಅನ್ನುವ ಬಟನ್ ಜೊತೆಗೆ ಕರುಣೆಯ ಬಟನ್ ಕೂಡ ಇರುತ್ತದೆ. ಎದುರಾಳಿಯನ್ನು ಮಾತಾಡಿಸಬಹುದು, ತಮಾಷೆ ಮಾಡಬಹುದು, ನಾಯಿ ಬಂದರೆ ತಲೆ ಸವರಬಹುದು. ಸವರಿದಷ್ಟೂ ಆ ನಾಯಿಯ ಕತ್ತು ಉದ್ದ ಆಗುತ್ತಾ ಹೋಗುತ್ತದೆ! ಆದರೆ ಬಿಟ್ಟುಬಿಟ್ಟರೆ ಒಂದು ಅನುಭವದ ಅಂಕವೂ ಸಿಗಲ್ಲ. ಯಾರನ್ನೂ ಕೊಲ್ಲದವನು ಕೊನೆಯವರೆಗೂ ಲೆವೆಲ್ ಒಂದರಲ್ಲೇ ಇರುತ್ತಾನೆ, ಅದೇ 20 ಅಂಕದ ಜೀವ ಹಿಡಿದುಕೊಂಡು. ಕಷ್ಟದ ದಾರಿ ಅದು.

ಟೋರಿಯಲ್ ಸತ್ತಾಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಸೇವ್ ಮಾಡದೆ ಹಿಂದಕ್ಕೆ ಹೋಗಿ ಮತ್ತೆ ಆಡಿದೆ. ಈ ಸಲ ಕರುಣೆಯ ಬಟನ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕೆಲಸ ಮಾಡ್ತಿಲ್ವೇನೋ ಅನ್ನಿಸುವಷ್ಟು ಸಲ ಒತ್ತಿದ ಮೇಲೆ ಅವಳು ಸೋತು, ಅಪ್ಪಿಕೊಂಡು, ದಾರಿ ಬಿಟ್ಟಳು. ಅಬ್ಬ ಅಂತ ಉಸಿರು ಬಿಟ್ಟೆ. ಆಚೆ ಬಾಗಿಲಲ್ಲಿ ಕಾದಿದ್ದ ಹೂವೊಂದು, ನೀನು ಮೊದಲು ಏನು ಮಾಡಿದ್ದೆ, ಪಶ್ಚಾತ್ತಾಪದಿಂದ ಹೇಗೆ ಹಿಂದೆ ಬಂದೆ ಎಲ್ಲ ಗೊತ್ತು ಅಂತ ನಕ್ಕಿತು. ಗೇಮ್ ಅದನ್ನು ನೆನಪಿಟ್ಟುಕೊಂಡಿತ್ತು. ಬೆನ್ನಲ್ಲಿ ಚಳಿ ಬಂದಂತಾಯಿತು.

ಕೊನೆಯ ಹೊತ್ತಿಗೆ ಇನ್ನೊಂದು ಗುಟ್ಟು ಬಯಲಾಗುತ್ತದೆ. ಎಲ್ಲ ಗೇಮ್‌ಗಳಲ್ಲೂ ಅನುಭವ ಅಂತ ನಾವು ಓದಿಕೊಳ್ಳುವ ಇಎಕ್ಸ್‌ಪಿ ಎಂಬ ಅಕ್ಷರಗಳಿಗೆ ಇಲ್ಲಿ ಅರ್ಥ, ಇತರರಿಗೆ ಎಷ್ಟು ನೋವು ಕೊಟ್ಟೆ ಅನ್ನುವ ಲೆಕ್ಕ. ಲೆವೆಲ್ ಅಂದರೆ ಹಿಂಸೆಯ ಮಟ್ಟ. ಮೂವತ್ತು ವರ್ಷ ಹಳೆಯ ಒಂದು ಅಭ್ಯಾಸವನ್ನು ಎರಡು ಪದದಲ್ಲಿ ತಿರುವಿಹಾಕಿದ ಈ ಜಾಗ ನನಗೆ ಇವತ್ತಿಗೂ ಅಚ್ಚರಿ.

ತೋಟದಲ್ಲೂ ಎಕ್ಸೆಲ್ ಶೀಟ್

ಎರಡನೆಯದು ‘ಸ್ಟಾರ್‌ಡ್ಯೂ ವ್ಯಾಲಿ’. ಇದನ್ನು ನಿಮ್ಮಲ್ಲಿ ಬಹಳ ಜನ ಫೋನ್‌ನಲ್ಲೇ ಆಡಿರುತ್ತೀರಿ. ಅಮೆರಿಕದ ಎರಿಕ್ ಬರೋನ್ ಕಂಪ್ಯೂಟರ್ ಸೈನ್ಸ್ ಓದಿ ಕೆಲಸ ಸಿಗದೆ, ಕೈ ಪಳಗಲಿ ಅಂತ ಶುರುಮಾಡಿದ ಗೇಮ್ ಇದು. ಸಿಯಾಟಲ್‌ನ ಒಂದು ಥಿಯೇಟರ್‌ನಲ್ಲಿ ಸೀಟು ತೋರಿಸುವ ಕೆಲಸ ಮಾಡಿಕೊಂಡು, ನಾಲ್ಕೂವರೆ ವರ್ಷ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಒಬ್ಬರೇ ಮಾಡಿದರು. 2016ರ ಫೆಬ್ರುವರಿಯಲ್ಲಿ ಬಂದ ಇದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ಕಥೆ ಶುರುವಾಗುವುದೇ ಆಫೀಸಿನಲ್ಲಿ. ಕ್ಯೂಬಿಕಲ್‌ನಲ್ಲಿ ಸುಸ್ತಾದ ನೀವು ಅಜ್ಜ ಕೊಟ್ಟಿದ್ದ ಪತ್ರ ಒಡೆದು, ಅವರ ಪಾಳುಬಿದ್ದ ಜಮೀನಿಗೆ ಹೋಗುತ್ತೀರಿ. ಕೈಯಲ್ಲಿ 15 ಪಾರ್ಸ್ನಿಪ್ ಬೀಜ. ನಾಲ್ಕು ದಿನಕ್ಕೆ ಗೆಡ್ಡೆ ಬರುತ್ತದೆ. ಒಂದು ದಿನ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಮೆಟ್ರೊದಲ್ಲಿ ಕೂತು ಒಂದು ದಿನದ ಬೇಸಾಯ ಮುಗಿಸಬಹುದು.

ಆಫೀಸ್ ಬಿಟ್ಟು ಓಡಿಬಂದ ನಾನು ಎರಡನೇ ವಾರದಲ್ಲಿ ಏನು ಮಾಡಿದೆ ಗೊತ್ತಾ? ಎಕ್ಸೆಲ್ ಶೀಟ್ ಹಾಕಿದೆ. ಯಾವ ಬೆಳೆಗೆ ದಿನಕ್ಕೆ ಎಷ್ಟು ಲಾಭ, ಯಾವುದನ್ನು ವೈನ್ ಮಾಡಿದರೆ ಎಷ್ಟು ಸಿಗುತ್ತೆ. ಊರಲ್ಲಿ ಜಾರ್ಜ್ ಅಂತ ವೀಲ್‌ಚೇರ್‌ನಲ್ಲಿ ಕೂರುವ ಸಿಡುಕಿನ ಮುದುಕ ಇದ್ದಾನೆ, ಒಂದು ಕಾಲದಲ್ಲಿ ಗಣಿ ಕೆಲಸದವನು. ಹೊಲದಂಚಲ್ಲಿ ಸಿಗುವ ಲೀಕ್ ಸೊಪ್ಪು ಕೊಟ್ಟರೆ ಅವನಿಗೆ ಬಹಳ ಖುಷಿ. ನಾನು ಒಂದು ವರ್ಷವಿಡೀ ಅವನ ಮನೆ ಬಾಗಿಲಿಗೂ ಹೋಗಿರಲಿಲ್ಲ.

ಮೂರನೇ ವರ್ಷ ಶುರುವಾದಾಗ ಅಜ್ಜನ ಆತ್ಮ ಬಂದು ನಿಮ್ಮ ಬದುಕನ್ನು ಅಳೆಯುತ್ತದೆ. ಅಜ್ಜನೂ ಅಪ್ರೈಸಲ್ ಮಾಡ್ತಾನೆ ಮಾರಾಯ್ರೆ! ಆದರೆ ಅವನ ಫಾರ್ಮ್‌ನಲ್ಲಿ ಹಣದ ಜೊತೆ ಸ್ನೇಹಕ್ಕೂ, ಮದುವೆ-ಸಂಸಾರಕ್ಕೂ, ಸಾಕುಪ್ರಾಣಿಯ ಪ್ರೀತಿಗೂ ಅಂಕವಿದೆ. ಪೂರ್ತಿಯಾದರೆ ನಾಲ್ಕು ಮೇಣದಬತ್ತಿ ಹೊತ್ತುತ್ತವೆ. ನನಗೆ ಎಲ್ಲವೂ ಹೊತ್ತಲಿಲ್ಲ. ಜಮೀನು ತುಂಬ ವೈನಿನ ಪೀಪಾಯಿ, ಊರಲ್ಲಿ ಮಾತಾಡಿಸುವವರು ಇಬ್ಬರು. ಶೀಟ್ ಡಿಲೀಟ್ ಮಾಡಿ ಜಾರ್ಜ್‌ಗೆ ಲೀಕ್ ಹುಡುಕಿಕೊಂಡು ಹೋದೆ. ಆ ಭಾನುವಾರ ದೊಡ್ಡಮ್ಮನಿಗೂ ಫೋನ್ ಮಾಡಿದೆ, ಬಹಳ ದಿನವಾಗಿತ್ತು.

ಲೆವೆಲ್ಲೇ ಇಲ್ಲದ ಗೇಮ್

ಮೂರನೆಯದು 2011ರ ‘ಟು ದ ಮೂನ್’. ಕೆನಡಾದ ಕಾನ್ ಗಾವೊ ಇದನ್ನು ಮಾಡಿದ್ದು ಆರ್‌ಪಿಜಿ ಮೇಕರ್ ಎಂಬ, ಹವ್ಯಾಸಿಗಳೂ ಬಳಸುವ ಸಾಫ್ಟ್‌ವೇರ್‌ನಲ್ಲಿ. ಸಾಯುತ್ತಿರುವ ಜಾನಿ ಎಂಬ ಮುದುಕನಿಗೆ ಚಂದ್ರನಲ್ಲಿಗೆ ಹೋಗುವ ಆಸೆ. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಇಬ್ಬರು ಡಾಕ್ಟರ್‌ಗಳು ಅವನ ನೆನಪುಗಳ ಒಳಗೆ ಹೊಕ್ಕು, ಮುಪ್ಪಿನಿಂದ ಬಾಲ್ಯದ ಕಡೆಗೆ ನಡೆಯುತ್ತಾ ಕಾರಣ ಹುಡುಕುತ್ತಾರೆ. ಹೊಡೆದಾಟ ಅಂತ ಇರುವುದು ಶುರುವಿನಲ್ಲಿ ಒಂದು ಅಳಿಲಿನ ಜೊತೆ, ಅದೂ ತಮಾಷೆಗೆ. ಲೆವೆಲ್ ಇಲ್ಲ, ಅಂಕ ಇಲ್ಲ. ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಕಾರಣ ಹೇಳಲ್ಲ, ಕರ್ಚೀಫ್ ಇಟ್ಟುಕೊಳ್ಳಿ.

ಎಲ್ಲ ಹಳೇದೂ ಹೊನ್ನಲ್ಲ

ಹಾಗಂತ ಚುಕ್ಕಿ ಇದ್ದದ್ದೆಲ್ಲ ಚಿನ್ನ ಅಂತಲ್ಲ. ಹಳೆಯದರ ತೊಂದರೆಗಳನ್ನೂ ಭಕ್ತಿಯಿಂದ ನಕಲು ಮಾಡುವ ಗೇಮ್‌ಗಳು ಬೇಕಾದಷ್ಟಿವೆ. ನಾಲ್ಕು ಹೆಜ್ಜೆಗೊಮ್ಮೆ ಅಡ್ಡಬರುವ ರಾಕ್ಷಸ, ಗಂಟೆಗೊಂದು ಸೇವ್ ಪಾಯಿಂಟ್, ಫೋನಿನಲ್ಲಿ ಕಣ್ಣು ಕಿತ್ತುಹೋಗುವ ಅಕ್ಷರ. 64 ಕಿಲೋಬೈಟ್‌ನವರಿಗೆ ಗ್ರೈಂಡಿಂಗ್ ಅನಿವಾರ್ಯ ಆಗಿತ್ತು. ಇವತ್ತಿನವರು ಅದನ್ನೇ ಮಾಡಿದರೆ ಅದು ಸೋಮಾರಿತನ. ಕೆಲಸ ಮುಗಿಸಿ ಬಂದವನಿಗೆ ಸಿಗುವುದು ದಿನಕ್ಕೆ ಒಂದು ಗಂಟೆ. ಅದನ್ನು ಗೌರವಿಸದ ಗೇಮ್ ಎಷ್ಟೇ ಚೆಂದ ಕಂಡರೂ ನಾನು ತೆಗೆದುಹಾಕುತ್ತೇನೆ.

ಹೊಸಬರಿಗೆ ನನ್ನ ಸಲಹೆ: ವಾರಾಂತ್ಯದ ಎರಡು ರಾತ್ರಿಗೆ ‘ಟು ದ ಮೂನ್’, ಓಡಾಟದ ದಾರಿಗೆ ‘ಸ್ಟಾರ್‌ಡ್ಯೂ ವ್ಯಾಲಿ’. ಎರಡೂ ಫೋನ್‌ನಲ್ಲಿವೆ. ‘ಅಂಡರ್‌ಟೇಲ್’ಗೆ ಕಂಪ್ಯೂಟರೋ ಕನ್ಸೋಲೋ ಬೇಕು. ಆಡುವ ಮೊದಲು ಗೂಗಲ್ ಮಾಡಬೇಡಿ. ಇಷ್ಟೆಲ್ಲ ಗುಟ್ಟು ಹೇಳಿದ ಮೇಲೂ ಅದರಲ್ಲಿ ಇನ್ನೂ ಬಹಳ ಉಳಿದಿದೆ.

ನಾನು ಅದನ್ನು ಯಾರನ್ನೂ ಕೊಲ್ಲದೆ ಮುಗಿಸಿದ ರಾತ್ರಿ ತಮ್ಮ ಮತ್ತೆ ಪಕ್ಕದಲ್ಲಿ ಬಂದು ಕೂತ.

"ಎಷ್ಟು ಲೆವೆಲ್?"

"ಒಂದು," ಅಂದೆ. ಅಷ್ಟು ಹೆಮ್ಮೆಯಿಂದ ನಾನು ಇನ್ಯಾವ ನಂಬರನ್ನೂ ಹೇಳಿದ್ದಿಲ್ಲ.