ಗೇಮಿಂಗ್ ಹೆಡ್‌ಸೆಟ್

ಗೇಮಿಂಗ್ ಹೆಡ್‌ಸೆಟ್ ಎಂಬುದು ಎರಡೂ ಕಿವಿಗಳಿಗೆ ಧ್ವನಿಯನ್ನು ತಲುಪಿಸುವ ಹೆಡ್‌ಫೋನ್ ಹಾಗೂ ಆಟಗಾರನ ಮಾತನ್ನು ಗ್ರಹಿಸುವ ಮೈಕ್ರೊಫೋನ್ ಒಂದೇ ಚೌಕಟ್ಟಿನಲ್ಲಿ ಸೇರಿರುವ ವಿದ್ಯುನ್ಮಾನ ಸಾಧನವಾಗಿದೆ. ಗಣಕಯಂತ್ರ, ಮೊಬೈಲ್ ಮತ್ತು ಗೇಮಿಂಗ್ ಕನ್ಸೋಲ್‌ಗಳಲ್ಲಿ ತಂಡವಾಗಿ ಆಡುವ ಆಟಗಳಿಗೆ ಇದನ್ನು ಮುಖ್ಯವಾಗಿ ಬಳಸುತ್ತಾರೆ. ಆನ್‌ಲೈನ್ ತರಗತಿ, ಸಂದರ್ಶನ ಮತ್ತು ಧ್ವನಿಮುದ್ರಣಕ್ಕೂ ಇದು ಬಳಕೆಯಾಗುತ್ತದೆ. ಕಡಿಮೆ ಬೆಲೆಯ ಹೆಡ್‌ಸೆಟ್‌ನ ಉಪಯುಕ್ತತೆಯನ್ನು ನಿರ್ಧರಿಸುವ ಅಂಶಗಳು ಮುಖ್ಯವಾಗಿ ನಾಲ್ಕು: ಕಿವಿಗೆ ಸರಿಯಾಗಿ ಕೂರುವ ಮೆತ್ತೆ, ಸಮತೋಲಿತ ಧ್ವನಿ, ಬಾಯಿಯ ಸಮೀಪಕ್ಕೆ ಬರುವ ಮೈಕ್ರೊಫೋನ್ ಮತ್ತು ಬಳಕೆದಾರನ ಸಾಧನಕ್ಕೆ ಹೊಂದುವ ಸಂಪರ್ಕ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿತವಾಗುವ ಇತರ ವೈಶಿಷ್ಟ್ಯಗಳ ಪಾತ್ರ ಗೌಣವಾದುದು.

ಇತಿಹಾಸ

ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತಯಾರಿಸಿದ ಹೆಡ್‌ಫೋನ್‌ಗಳನ್ನು ಆ ದೇಶದ ನೌಕಾಪಡೆಯು ರೇಡಿಯೊ ಸಂದೇಶಗಳನ್ನು ಆಲಿಸಲು ಖರೀದಿಸಿತು. 1958ರಲ್ಲಿ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನನ್ನು ಪರಿಚಯಿಸಿದ ಬಳಿಕ ಇದು ಸಂಗೀತ ಕೇಳುವ ಸಾಧನವಾಗಿ ಜನಪ್ರಿಯವಾಯಿತು. 2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಬಾಕ್ಸ್ ಲೈವ್ ಸೇವೆಯ ಆರಂಭಿಕ ಕಿಟ್‌ನೊಂದಿಗೆ ಹೆಡ್‌ಸೆಟ್ ನೀಡಿದ್ದರಿಂದ, ಆಡುತ್ತಲೇ ಮಾತನಾಡುವ ಅಭ್ಯಾಸ ಮನೆಗಳಿಗೆ ಹರಡಿತು.

ಭಾರತದಲ್ಲಿ ತಂಡದ ಆಟಗಳು ಹೆಚ್ಚಾಗಿ ಮೊಬೈಲ್ ಮೂಲಕವೇ ಪ್ರಚಾರಕ್ಕೆ ಬಂದವು. ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅದರ ಭಾರತೀಯ ರೂಪವಾದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ 2021ರ ಜುಲೈ 2ರಂದು ಬಿಡುಗಡೆಯಾಯಿತು. ನಾಲ್ವರ ತಂಡವಾಗಿ ಆಡಬಹುದಾದ ಇಂತಹ ಆಟಗಳಲ್ಲಿ ಎದುರಾಳಿಯ ಹೆಜ್ಜೆಸಪ್ಪಳದ ದಿಕ್ಕನ್ನು ಗುರುತಿಸುವುದೂ ಅದನ್ನು ಜೊತೆಗಾರರಿಗೆ ತಕ್ಷಣ ತಿಳಿಸುವುದೂ ಅಗತ್ಯ. ಆದ್ದರಿಂದ ಧ್ವನಿ ಮತ್ತು ಮೈಕ್ರೊಫೋನ್ ಎರಡೂ ಸಮಾನ ಮಹತ್ವ ಪಡೆದಿವೆ.

ಧ್ವನಿ

ಹೆಡ್‌ಸೆಟ್‌ನ ಪ್ರತಿ ಬಟ್ಟಲಿನೊಳಗೆ ಡ್ರೈವರ್ ಎಂಬ ಚಿಕ್ಕ ಧ್ವನಿವರ್ಧಕವಿರುತ್ತದೆ. ಇದರಲ್ಲಿ ಅಯಸ್ಕಾಂತ, ತಂತಿಯ ಸುರುಳಿ ಮತ್ತು ತೆಳುವಾದ ಪೊರೆ ಇರುತ್ತವೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ ಸಂಕೇತಕ್ಕೆ ಅನುಗುಣವಾಗಿ ಪೊರೆ ಕಂಪಿಸಿ ಶಬ್ದವನ್ನುಂಟುಮಾಡುತ್ತದೆ. ಈ ವರ್ಗದ ಹೆಡ್‌ಸೆಟ್‌ಗಳಲ್ಲಿ 40 ಅಥವಾ 50 ಮಿ.ಮೀ. ವ್ಯಾಸದ ಡ್ರೈವರ್‌ಗಳು ಸಾಮಾನ್ಯ. ವ್ಯಾಸ ಹೆಚ್ಚಾದ ಮಾತ್ರಕ್ಕೆ ಧ್ವನಿ ಉತ್ತಮವಾಗುವುದಿಲ್ಲ. ಪೊರೆಯ ಗುಣಮಟ್ಟ, ಬಟ್ಟಲಿನ ವಿನ್ಯಾಸ ಮತ್ತು ಮೆತ್ತೆಯ ಹೊಂದಿಕೆಯೂ ಅಷ್ಟೇ ಮುಖ್ಯ.

ಶಬ್ದದ ದಿಕ್ಕನ್ನು ಮನುಷ್ಯನು ಎರಡು ಕಿವಿಗಳ ನಡುವಿನ ವ್ಯತ್ಯಾಸದಿಂದ ತಿಳಿಯುತ್ತಾನೆ. ಎಡಗಡೆಯಿಂದ ಬರುವ ಸಪ್ಪಳವು ಎಡಗಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಷ್ಟು ಮೊದಲು, ಮತ್ತು ತುಸು ಜೋರಾಗಿ ತಲುಪುತ್ತದೆ. ಹೊರಕಿವಿಯ ಆಕಾರವು ಶಬ್ದದಲ್ಲಿ ಉಂಟುಮಾಡುವ ಬದಲಾವಣೆಯಿಂದ ಮುಂದೆ, ಹಿಂದೆ, ಮೇಲೆ, ಕೆಳಗೆ ಎಂಬ ಅರಿವು ಮೂಡುತ್ತದೆ. ಎಡ ಮತ್ತು ಬಲ ಡ್ರೈವರ್‌ಗಳು ಒಂದೇ ಸಮನಾಗಿರುವ ಸಾಧಾರಣ ಸ್ಟೀರಿಯೊ ಹೆಡ್‌ಸೆಟ್ ಕೂಡ ಈ ಸುಳಿವುಗಳನ್ನು ನೀಡಬಲ್ಲದು. ಕೆಳಸ್ತರದ ಧ್ವನಿಯನ್ನು, ಅಂದರೆ ಬೇಸನ್ನು, ಅತಿಯಾಗಿ ಹೆಚ್ಚಿಸಿರುವ ಹೆಡ್‌ಸೆಟ್‌ನಲ್ಲಿ ಸ್ಫೋಟದ ಸದ್ದು ರೋಮಾಂಚಕವಾಗಿ ಕೇಳಿದರೂ ಹೆಜ್ಜೆಸಪ್ಪಳ ಮತ್ತು ಜೊತೆಗಾರರ ಮಾತು ಅದರಡಿ ಮುಚ್ಚಿಹೋಗುತ್ತವೆ.

ಹಿಂಬದಿ ಮುಚ್ಚಿರುವ ಬಟ್ಟಲುಗಳು ಹೊರಗಿನ ಗದ್ದಲವನ್ನು ತಡೆಯುತ್ತವೆ. ಹಿಂಬದಿ ತೆರೆದಿರುವವು ಹೆಚ್ಚು ಸಹಜವಾದ, ವಿಶಾಲವಾದ ಧ್ವನಿಯ ಅನುಭವ ನೀಡಿದರೂ ಹೊರಗಿನ ಸದ್ದನ್ನು ಒಳಬಿಡುತ್ತವೆ. ಹಲವರು ವಾಸಿಸುವ ಮನೆ ಅಥವಾ ವಿದ್ಯಾರ್ಥಿನಿಲಯಕ್ಕೆ ಮೊದಲನೆಯ ವಿಧವೇ ಸೂಕ್ತ.

ಮೈಕ್ರೊಫೋನ್

ಅಗ್ಗದ ಹೆಡ್‌ಸೆಟ್‌ಗಳಲ್ಲಿ ಸಾಮಾನ್ಯವಾಗಿ ಎಲೆಕ್ಟ್ರೆಟ್ ಕಂಡೆನ್ಸರ್ ಎಂಬ ಪುಟ್ಟ ಮೈಕ್ರೊಫೋನ್ ಇರುತ್ತದೆ. ಇದರ ಫಲಿತಾಂಶವು ಬಾಯಿಯಿಂದ ಇರುವ ದೂರವನ್ನು ಬಹುವಾಗಿ ಅವಲಂಬಿಸಿದೆ. ಅಡೆತಡೆಯಿಲ್ಲದ ಜಾಗದಲ್ಲಿ ದೂರ ಅರ್ಧವಾದಾಗ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ; ಆದರೆ ಕೋಣೆಯ ಸೀಲಿಂಗ್ ಫ್ಯಾನ್‌ನ ಸದ್ದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ತಂತಿಯ ಮಧ್ಯದಲ್ಲೋ ಬಟ್ಟಲಿನ ಅಂಚಿನಲ್ಲೋ ಅಡಗಿರುವ ಮೈಕ್ರೊಫೋನ್‌ಗಿಂತ, ಬಾಗುವ ಕಡ್ಡಿಯ ತುದಿಯಲ್ಲಿದ್ದು ತುಟಿಯ ಬಳಿಗೆ ಬರುವ ಮೈಕ್ರೊಫೋನ್ ಕಡಿಮೆ ಖರ್ಚಿನಲ್ಲಿಯೇ ಸ್ಪಷ್ಟವಾದ ಮಾತನ್ನು ಕೊಡುತ್ತದೆ. ಒಂದೇ ದಿಕ್ಕಿನ ಶಬ್ದವನ್ನು ಹೆಚ್ಚಾಗಿ ಗ್ರಹಿಸುವ ಬಗೆಯಾಗಿದ್ದರೆ ಮತ್ತಷ್ಟು ಅನುಕೂಲ.

ಕನ್ನಡದ ಪ, ಫ, ಬ, ಭ ಅಕ್ಷರಗಳನ್ನು ಉಚ್ಚರಿಸುವಾಗ ಬಾಯಿಯಿಂದ ಗಾಳಿ ರಭಸವಾಗಿ ಹೊರಬಂದು ಮೈಕ್ರೊಫೋನ್‌ಗೆ ಬಡಿಯಬಹುದು. ಮೈಕ್ರೊಫೋನನ್ನು ತುಟಿಯ ನೇರಕ್ಕೆ ಇಡದೆ ಬಾಯಿಯ ಅಂಚಿಗೆ ಸರಿಸುವುದರಿಂದಲೂ, ಅದಕ್ಕೆ ಸ್ಪಂಜಿನ ಹೊದಿಕೆ ಹಾಕುವುದರಿಂದಲೂ ಈ ತೊಂದರೆ ತಗ್ಗುತ್ತದೆ. ಸ, ಶ ಮುಂತಾದ ಊಷ್ಮಾಕ್ಷರಗಳ ಗುರುತು ಹೆಚ್ಚಿನ ಆವರ್ತನಗಳಲ್ಲಿದೆ. ಆ ಭಾಗ ಕತ್ತರಿಸಿಹೋದರೆ ಮಾತು ಮಂಕಾಗುತ್ತದೆ. "ಶಾಲೆಯ ಹಿಂಭಾಗದಲ್ಲಿ ಆರು ಜನ, ಬಸ್ಸಿನ ಪಕ್ಕದಲ್ಲಿ ಇಬ್ಬರು" ಎಂಬಂತಹ ವಾಕ್ಯವನ್ನು ಫ್ಯಾನ್ ಹಾಕಿ ಮುದ್ರಿಸಿ ಕೇಳಿದರೆ ಈ ಎರಡೂ ದೋಷಗಳು ಸುಲಭವಾಗಿ ತಿಳಿಯುತ್ತವೆ.

ಸಂಪರ್ಕ ವಿಧಾನಗಳು

* 3.5 ಮಿ.ಮೀ. ಪಿನ್: ನಾಲ್ಕು ಲೋಹದ ಭಾಗಗಳುಳ್ಳ ಪಿನ್ ಧ್ವನಿ ಮತ್ತು ಮೈಕ್ರೊಫೋನ್ ಎರಡನ್ನೂ ಸಾಗಿಸುತ್ತದೆ. ಇದು ಹಲವು ಮೊಬೈಲ್, ಲ್ಯಾಪ್‌ಟಾಪ್ ಮತ್ತು ಕನ್ಸೋಲ್ ನಿಯಂತ್ರಕಗಳಿಗೆ ಹೊಂದುತ್ತದೆ. ಹಸಿರು ಮತ್ತು ಗುಲಾಬಿ ಬಣ್ಣದ ಪ್ರತ್ಯೇಕ ರಂಧ್ರಗಳಿರುವ ಡೆಸ್ಕ್‌ಟಾಪ್‌ಗೆ ಕವಲು ತಂತಿ ಬೇಕು. ಅದಿಲ್ಲದಿದ್ದರೆ ಧ್ವನಿ ಕೇಳಿಸಿದರೂ ಮೈಕ್ರೊಫೋನ್ ಕೆಲಸ ಮಾಡುವುದಿಲ್ಲ.
* ಯುಎಸ್‌ಬಿ: ಈ ಹೆಡ್‌ಸೆಟ್‌ನೊಳಗೆ ತನ್ನದೇ ಧ್ವನಿ ಪರಿವರ್ತಕ ಇರುತ್ತದೆ. ಗಣಕಯಂತ್ರದ ಧ್ವನಿ ರಂಧ್ರದಲ್ಲಿ ಗುಯ್‌ಗುಡುವ ಸದ್ದು ಬರುತ್ತಿದ್ದರೆ ಇದು ಉತ್ತಮ ಪರ್ಯಾಯ.
* 2.4 ಗಿಗಾಹರ್ಟ್ಜ್ ನಿಸ್ತಂತು: ಚಿಕ್ಕ ಗ್ರಾಹಕವನ್ನು ಯುಎಸ್‌ಬಿ ರಂಧ್ರಕ್ಕೆ ಜೋಡಿಸಬೇಕು. ಧ್ವನಿಯ ವಿಳಂಬ ಕಡಿಮೆ, ಬೆಲೆ ಹೆಚ್ಚು.
* ಬ್ಲೂಟೂತ್: ಸಂಗೀತಕ್ಕೆ ಅನುಕೂಲಕರವಾದರೂ ಆಟದಲ್ಲಿ ಧ್ವನಿಯು ದೃಶ್ಯಕ್ಕಿಂತ ತಡವಾಗಿ ಕೇಳಬಹುದು. ಸಾಂಪ್ರದಾಯಿಕ ಬ್ಲೂಟೂತ್‌ನಲ್ಲಿ ಮೈಕ್ರೊಫೋನ್ ಚಾಲೂ ಆದೊಡನೆ ಸಂಪರ್ಕವು ಕರೆಯ ವಿಧಾನಕ್ಕೆ ಬದಲಾಗಿ, ಕೇಳುವ ಧ್ವನಿಯೂ ಸ್ಟೀರಿಯೊ ಗುಣವನ್ನು ಕಳೆದುಕೊಳ್ಳುತ್ತದೆ. ಆಗ ಹೆಜ್ಜೆಸಪ್ಪಳದ ದಿಕ್ಕು ತಿಳಿಯದು. ನೂತನ ಎಲ್‌ಇ ಆಡಿಯೊ ವ್ಯವಸ್ಥೆ ಈ ಮಿತಿಯನ್ನು ನಿವಾರಿಸಬಲ್ಲದು; ಆದರೆ ಮೊಬೈಲ್ ಮತ್ತು ಹೆಡ್‌ಸೆಟ್ ಎರಡರಲ್ಲೂ ಅದು ಇರಬೇಕು.

ಈ ಕಾರಣಗಳಿಂದ ಒಂದೇ ಬೆಲೆಯ ಎರಡು ಹೆಡ್‌ಸೆಟ್‌ಗಳಲ್ಲಿ ತಂತಿಯುಳ್ಳದ್ದರ ಧ್ವನಿ ಮತ್ತು ಮೈಕ್ರೊಫೋನ್ ಸಾಮಾನ್ಯವಾಗಿ ಮೇಲಾಗಿರುತ್ತವೆ. ಬ್ಯಾಟರಿ ಮತ್ತು ರೇಡಿಯೊ ಭಾಗಗಳಿಗೆ ತಗಲುವ ವೆಚ್ಚ ಅದರಲ್ಲಿ ಉಳಿಯುತ್ತದೆ.

ಜಾಹೀರಾತಿನ ಪದಗಳು

"7.1 ಸರೌಂಡ್" ಎಂಬುದು ಬಹುತೇಕ ಹೆಡ್‌ಸೆಟ್‌ಗಳಲ್ಲಿ ಎಂಟು ಧ್ವನಿವರ್ಧಕಗಳನ್ನು ಸೂಚಿಸುವುದಿಲ್ಲ; ಎರಡೇ ಡ್ರೈವರ್‌ಗಳಿಂದ ತಂತ್ರಾಂಶವು ಮೂಡಿಸುವ ಪರಿಣಾಮವನ್ನು ಸೂಚಿಸುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಅಂತಹುದೇ ಸೌಲಭ್ಯವು ವಿಂಡೋಸ್ ಸೋನಿಕ್ ಎಂಬ ಹೆಸರಿನಲ್ಲಿ ಉಚಿತವಾಗಿದೆ. "20ರಿಂದ 20,000 ಹರ್ಟ್ಜ್" ಎಂಬುದು ಮನುಷ್ಯನ ಶ್ರವಣ ವ್ಯಾಪ್ತಿ. ಬಹುತೇಕ ಎಲ್ಲ ಪೆಟ್ಟಿಗೆಗಳ ಮೇಲೂ ಇರುವ ಈ ಸಂಖ್ಯೆಯಿಂದ ಗುಣಮಟ್ಟ ತಿಳಿಯುವುದಿಲ್ಲ. "ಇಎನ್‌ಸಿ" ಮತ್ತು "ಎಎನ್‌ಸಿ" ಬೇರೆ ಬೇರೆ. ಮೊದಲನೆಯದು ಮೈಕ್ರೊಫೋನ್‌ಗೆ ಸೇರುವ ಗದ್ದಲವನ್ನು ತಗ್ಗಿಸುತ್ತದೆ ಮತ್ತು ಅದರ ಲಾಭ ಆಚೆ ಬದಿಯಲ್ಲಿರುವವರಿಗೆ. ಎರಡನೆಯದು ಧರಿಸಿದವರ ಕಿವಿಗೆ ಕೇಳುವ ಗದ್ದಲವನ್ನು ತಗ್ಗಿಸುತ್ತದೆ. ಬಣ್ಣದ ದೀಪಗಳಿಗೂ ಧ್ವನಿಗೂ ಸಂಬಂಧವಿಲ್ಲ. ಕೆಲವು 3.5 ಮಿ.ಮೀ. ಹೆಡ್‌ಸೆಟ್‌ಗಳಲ್ಲಿ ದೀಪಕ್ಕಾಗಿಯೇ ಯುಎಸ್‌ಬಿ ತಂತಿಯಿದ್ದು, ಮೊಬೈಲ್ ಬಳಕೆದಾರರಿಗೆ ಅದು ಹೊರೆಯಾಗುತ್ತದೆ.

ಹಾಸನ ಜಿಲ್ಲೆಯ ಪಟ್ಟಣಗಳಲ್ಲಿ ಖರೀದಿ

ಕರ್ನಾಟಕದಲ್ಲಿ ಗಣಕಯಂತ್ರದ ಬಿಡಿಭಾಗಗಳ ಪ್ರಸಿದ್ಧ ಮಾರುಕಟ್ಟೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿದೆ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದ ಜಂಕ್ಷನ್ ಆಗಿರುವ ಅರಸೀಕೆರೆಯಿಂದ ರಾಜಧಾನಿಗೆ ನೇರ ರೈಲುಗಳಿವೆ. ಹೊಯ್ಸಳ ದೇವಾಲಯಗಳಿಗೆ ಹೆಸರಾದ ಬೇಲೂರು ಮತ್ತು ಹಳೇಬೀಡಿನವರಿಗೆ ಸಮೀಪದ ದೊಡ್ಡ ನಗರ ಹಾಸನ. ಹಾಸನವು ಅರಸೀಕೆರೆ ಮತ್ತು ಬೇಲೂರುಗಳಿಂದ ಸುಮಾರು 40 ಕಿ.ಮೀ., ಹಳೇಬೀಡಿನಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಒಂದೆರಡು ಸಾವಿರ ರೂಪಾಯಿಯ ವಸ್ತುವಿಗಾಗಿ ಬೆಂಗಳೂರಿಗೆ ಹೋಗಿಬರುವ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಆನ್‌ಲೈನ್ ಖರೀದಿಯಲ್ಲಿ ಪ್ರಯಾಣವಿಲ್ಲ. ಆದರೆ ಹೆಡ್‌ಸೆಟ್ ತಲೆಗೆ ಹೊಂದುತ್ತದೆಯೇ, ಕನ್ನಡಕದ ಕಡ್ಡಿಯನ್ನು ಒತ್ತುತ್ತದೆಯೇ ಎಂದು ಮೊದಲೇ ಧರಿಸಿ ನೋಡಲಾಗದು.

ಆದ್ದರಿಂದ ಕೊಳ್ಳುವ ಮುನ್ನ ಹಿಂದಿರುಗಿಸುವ ಅವಧಿ, ಖಾತರಿಯ ಅವಧಿ ಮತ್ತು ಅಧಿಕೃತ ಸೇವಾ ಕೇಂದ್ರದ ಸ್ಥಳವನ್ನು ಪರಿಶೀಲಿಸುವುದು ಮುಖ್ಯ. ದುರಸ್ತಿಗೆ ದೂರದೂರಿಗೆ ಕಳುಹಿಸಬೇಕಾದರೆ ಅಂಚೆ ವೆಚ್ಚವೇ ಹೊರೆಯಾಗುತ್ತದೆ. ಬೇರ್ಪಡಿಸಬಹುದಾದ ತಂತಿ ಮತ್ತು ಬದಲಾಯಿಸಬಹುದಾದ ಮೆತ್ತೆ ಇರುವ ಮಾದರಿಯು ಹೆಚ್ಚು ಕಾಲ ಬಾಳುತ್ತದೆ. ನಿಸ್ತಂತು ಹೆಡ್‌ಫೋನ್‌ಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ವ್ಯಾಪ್ತಿಗೆ ಬರುವುದರಿಂದ ಅವುಗಳ ಮೇಲೆ "ಆರ್" ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ನೋಡಬಹುದು.

ದೋಷಯುಕ್ತ ವಸ್ತು ಬಂದಲ್ಲಿ ಗ್ರಾಹಕರಿಗೆ ಕಾನೂನಿನ ರಕ್ಷಣೆಯಿದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟ ತಾಣದ ದೂರು ಅಧಿಕಾರಿಯು 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮಾರಾಟಗಾರನು ಎಲ್ಲಿಯೇ ಇದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಹೀಗಾಗಿ ಅರಸೀಕೆರೆ, ಬೇಲೂರು ಅಥವಾ ಹಳೇಬೀಡಿನ ಖರೀದಿದಾರರು ಹಾಸನದ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಪಾವತಿಯ ರಸೀದಿ, ಉತ್ಪನ್ನದ ವಿವರಪುಟದ ಚಿತ್ರ ಮತ್ತು ಪೆಟ್ಟಿಗೆ ತೆರೆಯುವಾಗಿನ ವಿಡಿಯೊ ಉಪಯುಕ್ತ ದಾಖಲೆಗಳಾಗುತ್ತವೆ.

ಶ್ರವಣ ಸುರಕ್ಷತೆ

ಹೆಚ್ಚಿನ ಮಟ್ಟದ ಶಬ್ದಕ್ಕೆ ದೀರ್ಘಕಾಲ ಒಡ್ಡಿಕೊಂಡಾಗ ಒಳಕಿವಿಯ ರೋಮಕೋಶಗಳು ಹಾನಿಗೊಳಗಾಗುತ್ತವೆ. ಮನುಷ್ಯರಲ್ಲಿ ಈ ಕೋಶಗಳು ಮರಳಿ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸುರಕ್ಷಿತ ಆಲಿಕೆಯ ಮಾನದಂಡವು ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಹಾಗೂ ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆಗಳ ಮಿತಿಯನ್ನು ಸೂಚಿಸುತ್ತದೆ. ಮಟ್ಟವು 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಂತೆ 90 ಡೆಸಿಬೆಲ್‌ನಲ್ಲಿ ಇಡೀ ವಾರಕ್ಕೆ ವಯಸ್ಕರಿಗೆ ದೊರೆಯುವುದು ಸುಮಾರು 4 ಗಂಟೆ ಮಾತ್ರ. ವಿಡಿಯೊ ಆಟ ಮತ್ತು ಇ-ಕ್ರೀಡೆಗಳಿಗೆಂದೇ ರೂಪಿಸಿದ ಪ್ರತ್ಯೇಕ ಮಾನದಂಡವನ್ನು ಈ ಸಂಸ್ಥೆಗಳು 2025ರಲ್ಲಿ ಪ್ರಕಟಿಸಿದವು.

ಹೊರಗಿನ ಗದ್ದಲವನ್ನು ಮೀರಿ ಕೇಳಿಸಿಕೊಳ್ಳಲು ಬಳಕೆದಾರರು ಧ್ವನಿಯನ್ನು ಏರಿಸುವುದು ಸಾಮಾನ್ಯ. ಕಿವಿಯನ್ನು ಪೂರ್ಣವಾಗಿ ಆವರಿಸುವ ಮೆತ್ತೆಯಿದ್ದರೆ ಇದರ ಅಗತ್ಯ ಕಡಿಮೆಯಾಗುತ್ತದೆ. ಹೀಗೆ ಉತ್ತಮ ಹೊಂದಿಕೆಯು ಆಟಕ್ಕೂ ಆರೋಗ್ಯಕ್ಕೂ ನೆರವಾಗುತ್ತದೆ. ಆಟದ ನಂತರ ಕಿವಿಯಲ್ಲಿ ಗುಂಯ್‌ಗುಡುವಿಕೆ ಉಳಿದರೆ ಅಥವಾ ಮಾತು ಅಸ್ಪಷ್ಟವಾಗಿ ಕೇಳಿದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣುವುದು ಸೂಕ್ತ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮತ್ತು ಚಿಕಿತ್ಸಾ ಸೌಲಭ್ಯಗಳಿವೆ.